ಎರಡು ಶೀಟು ಮಾತ್ರೆ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮೊನ್ನೆ ಒಂದು ಮಾತು ಬಂತು. ಯಾರೋ 2020ರ ಲಾಕ್‌ಡೌನ್ ದಿನಗಳ ನೆನಪು ತೆಗೆದರು. ಹೊಸದಾಗಿ ಬಂದಿರುವ ಗಣಿತದ ಮೇಷ್ಟ್ರು ನಗುತ್ತಾ, "ಆಗ ಅಂಗಡಿಗಳನ್ನೆಲ್ಲ ಖಾಲಿ ಮಾಡಿದ್ದು ಯಾರು ಅಂತೀರಿ ಮೇಡಂ? ನಮ್ಮ ಹೆಂಗಸರೇ. ನಮ್ಮ ಮನೇಲಿ ಅಮ್ಮ ತಂದಿಟ್ಟ ಬೇಳೆಗೆ ದೀಪಾವಳಿ ಹೊತ್ತಿಗೆ ಹುಳ ಬಿದ್ದಿತ್ತು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಸಾಯಂಕಾಲ ಮನೆಗೆ ಬಂದು ಕಾಫಿಗೆ ನೀರಿಟ್ಟಾಗ ಆ ನಗು ಗಂಟಲಲ್ಲೇ ಸಿಕ್ಕಿಕೊಂಡಂತೆ ಅನಿಸಿತು.

ಅದಕ್ಕೆ ಕಾರಣ ಎರಡು. ಒಂದು, ಆ ಮಾತು ಅನ್ಯಾಯದ್ದು. ಕಳ್ಳನನ್ನು ಬಿಟ್ಟು, ಕಳವಾದ ಮನೆಯವರನ್ನು ಹಿಡಿದು ಬೈದ ಹಾಗೆ. ಇನ್ನೊಂದು, ಆ ದಿನಗಳ ತಪ್ಪಿನಲ್ಲಿ ನನಗೂ ಒಂದು ಪಾಲಿದೆ. ಅದು ಬೇಳೆಯದಲ್ಲ. ಮೊದಲನೆಯದನ್ನು ಜಗಳವಾಡಿ ಹೇಳುತ್ತೇನೆ, ಎರಡನೆಯದನ್ನು ತಲೆತಗ್ಗಿಸಿ ಹೇಳುತ್ತೇನೆ. ಎರಡನ್ನೂ ಕೇಳಿ ಆಮೇಲೆ ನೀವೇ ತೀರ್ಮಾನ ಮಾಡಿ.

ಮನೆಯಲ್ಲಿ ಸಾಮಾನು ಕೂಡಿಡುವುದು ಕೊರೊನಾ ನಮಗೆ ಕಲಿಸಿದ ವಿದ್ಯೆಯಲ್ಲ. ಸುಗ್ಗಿಯಲ್ಲಿ ರಾಗಿ ತುಂಬಿಡುವುದು, ಬೇಸಿಗೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸಿ ಉಪ್ಪು ಬೆರೆಸಿ ಜಾಡಿಗೆ ಒತ್ತುವುದು, ಮೆಣಸಿನಕಾಯಿ ಒಣಗಿಸಿ ವರ್ಷದ ಖಾರದಪುಡಿ ಮಾಡಿಸುವುದು, ಮಳೆಗಾಲಕ್ಕೆಂದು ಹಪ್ಪಳ ಸಂಡಿಗೆ ಡಬ್ಬಕ್ಕೆ ಹಾಕಿಡುವುದು, ಇದನ್ನೆಲ್ಲ ನಮ್ಮ ಅಜ್ಜಿಯರು ಮಾಡಿದರು, ಅಮ್ಮಂದಿರು ಮಾಡಿದರು. ಆಗ ಯಾರೂ ಅವರನ್ನು ಗಾಬರಿಗೆಟ್ಟವರು ಎನ್ನಲಿಲ್ಲ. ಮನೆ ತೂಗಿಸುವ ಜಾಣೆ ಎಂದರು. ರಾತ್ರಿ ಎಂಟು ಗಂಟೆಗೆ "ಊಟಕ್ಕೇನು?" ಎಂದು ಕೇಳುವವರು ಮನೆತುಂಬ ಇರುತ್ತಾರೆ, ಉತ್ತರ ಕೊಡಬೇಕಾದವಳು ಒಬ್ಬಳೇ. ಆ ಒಬ್ಬಳು ನಾಲ್ಕು ದಿನ ಮುಂದಾಗಿ ಯೋಚಿಸಿದರೆ ಅದನ್ನು ಹುಚ್ಚು ಎನ್ನಬಹುದೇ?

ಗಾಬರಿಯ ಖರೀದಿಯ ಜಾತಿಯೇ ಬೇರೆ. ಅದು ಕಾಲ ನೋಡಿ, ಬೆಲೆ ನೋಡಿ, ಮನೆಯಲ್ಲಿರುವ ತಲೆ ಎಣಿಸಿ ಕೊಳ್ಳುವುದಲ್ಲ. ಇನ್ನೊಬ್ಬರು ಕೊಂಡರು, ನಾಳೆ ನಮಗೆ ಉಳಿಯುವುದಿಲ್ಲ ಎಂದು ಕೊಳ್ಳುವುದು. ಆ ಇನ್ನೊಬ್ಬರನ್ನು ನಾವು ಕಣ್ಣಾರೆ ಕಂಡಿರುವುದೂ ಇಲ್ಲ, ಕೈಯಲ್ಲಿರುವ ಮೊಬೈಲಿನಲ್ಲಿ ಕಂಡಿರುತ್ತೇವೆ. ನನ್ನ ಜಗಳ ಇರುವುದು ಅಲ್ಲಿ.

2020ರ ಮಾರ್ಚ್ ತಿಂಗಳನ್ನು ನೆನಪು ಮಾಡಿಕೊಳ್ಳಿ. 10ನೇ ತಾರೀಖು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗಿದ್ದದ್ದು ಕೊರೊನಾ ಎಂದು 12ರಂದು ಖಚಿತವಾಯಿತು. ಭಾರತದಲ್ಲಿ ಈ ಕಾಯಿಲೆಯಿಂದಾದ ಮೊದಲ ಸಾವು ನಮ್ಮ ರಾಜ್ಯದ್ದೇ. ಮರುದಿನವೇ ಸಿನಿಮಾ ಮಂದಿರಗಳನ್ನೂ ಮಾಲುಗಳನ್ನೂ ಒಂದು ವಾರ ಮುಚ್ಚಲು ಸರ್ಕಾರ ಹೇಳಿತು. ನಾನು ತಿಪಟೂರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಎಸ್ಸೆಸ್ಸೆಲ್ಸಿ ಪರೀಕ್ಷೆ 27ಕ್ಕೆ ಶುರುವಾಗಬೇಕಿತ್ತು. ಅದೂ ಮುಂದಕ್ಕೆ ಹೋಯಿತು. ಮಕ್ಕಳು ಫೋನು ಮಾಡಿ "ಮಿಸ್, ಎಕ್ಸಾಮ್ ಇರುತ್ತಾ ಇಲ್ವಾ?" ಎಂದರೆ ನನ್ನಲ್ಲಿ ಉತ್ತರವಿರಲಿಲ್ಲ. ಹೆದರಿಕೆ ಇತ್ತು, ಇರಬೇಕಾದದ್ದೇ. ಹೆದರಿದವರನ್ನು ನಾನು ದೂರುತ್ತಿಲ್ಲ. ಆ ಹೆದರಿಕೆಯನ್ನು ಬಂಡವಾಳ ಮಾಡಿಕೊಂಡವರನ್ನು ದೂರುತ್ತಿದ್ದೇನೆ.

ಆ ದಿನಗಳಲ್ಲಿ ನಮ್ಮ ಬಡಾವಣೆಯ ಹೆಂಗಸರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸುದ್ದಿ ಬಂತು. ಯಾವುದೋ ಅಂತರ್ಜಾಲ ಸುದ್ದಿತಾಣದ್ದು. ದೊಡ್ಡ ಅಂಗಡಿಯೊಂದರ ಉದ್ದನೆಯ ಕಪಾಟುಗಳು ಈ ತುದಿಯಿಂದ ಆ ತುದಿಯವರೆಗೆ ಖಾಲಿ. ಮೇಲೆ ಕೆಂಪಕ್ಷರದಲ್ಲಿ, ನಾಳೆ ನಮ್ಮಲ್ಲೂ ಇದೇ ಗತಿಯೇ ಎಂಬ ತಲೆಬರಹ. ಅದನ್ನು ನೋಡಿದ ಹತ್ತು ನಿಮಿಷಕ್ಕೆ ನಮ್ಮ ಬೀದಿಯ ಅರ್ಧ ಮನೆಗಳವರು ಚೀಲ ಹಿಡಿದು ಹೊರಟರು. ನಾನೂ ಹೊರಟೆ. ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರು. ಹತ್ತು ಕೆ.ಜಿ. ಅಕ್ಕಿ, ಐದು ಪ್ಯಾಕೆಟ್ ಉಪ್ಪು, ಮೂರು ಕೆ.ಜಿ. ಸಕ್ಕರೆ ತಂದೆ. ನಮ್ಮವರಿಗೆ ಸಕ್ಕರೆ ಕಾಯಿಲೆ ಎಂಬುದು ಅಂಗಡಿಯಲ್ಲಿ ನೆನಪಾಗಲೇ ಇಲ್ಲ!

ವಾರ ಕಳೆದ ಮೇಲೆ, ಮನೆಯಲ್ಲೇ ಕೂತು ಬೇಸರವಾಗಿ, ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕಪಾಟಿನ ಅಂಚಿಗೆ ಅಂಟಿಸಿದ್ದ ಬೆಲೆಚೀಟಿಗಳಲ್ಲಿ ಡಾಲರಿನ ಗುರುತು. ಮೇಲೆ ತೂಗುಬಿಟ್ಟ ಬೋರ್ಡಿನಲ್ಲಿ ಟಾಯ್ಲೆಟ್ ಪೇಪರ್ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಚೊಂಬು ಹಿಡಿದೇ ಬದುಕಿದ ಊರಿನವರು ನಾವು, ಯಾವುದೋ ದೇಶದಲ್ಲಿ ಒರೆಸಿಕೊಳ್ಳುವ ಕಾಗದ ಖಾಲಿಯಾಯಿತೆಂದು ಉಪ್ಪು ಕೊಳ್ಳಲು ಓಡಿದ್ದೆವು. ಇದಕ್ಕಿಂತ ಹಾಸ್ಯಾಸ್ಪದ ಇನ್ನೇನಿದೆ ಹೇಳಿ.

ನನ್ನ ತಮ್ಮನ ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ಫೋನು ಮಾಡಿ ಕೇಳಿದೆ. "ಹೌದು ಅತ್ತೆ, ಇಲ್ಲಿ ನಿಜವಾಗಲೂ ಅದಕ್ಕಾಗಿ ಜಗಳವೇ ಆಗಿದೆ. ಒಬ್ಬರಿಗೆ ಇಷ್ಟೇ ಅಂತ ಲಿಮಿಟ್ ಹಾಕಿದ್ದಾರೆ" ಅಂದಳು. ಆಸ್ಟ್ರೇಲಿಯಾದಲ್ಲಿ ಬಳಕೆಯಾಗುವ ಆ ಕಾಗದದ ಬಹುಪಾಲು ಅಲ್ಲಿಯೇ ತಯಾರಾಗುತ್ತದೆ. ಕಾರ್ಖಾನೆಗಳು ನಿಂತಿರಲಿಲ್ಲ. ಕೊರೊನಾ ಬಂದವರಿಗೆ ಆ ಕಾಗದ ಹೆಚ್ಚು ಬೇಕೆಂದೇನೂ ಇರಲಿಲ್ಲ. ಆದರೂ ಖಾಲಿಯಾಯಿತು. ಏಕೆಂದರೆ ಖಾಲಿಯಾದ ಕಪಾಟಿನ ಚಿತ್ರವನ್ನು ಎಲ್ಲರೂ ನೋಡಿದರು. ನೋಡಿದವರು ಕೊಂಡರು. ಕೊಂಡದ್ದರಿಂದ ಇನ್ನಷ್ಟು ಕಪಾಟು ಖಾಲಿಯಾಯಿತು. ಅದರ ಚಿತ್ರವನ್ನು ಮತ್ತಷ್ಟು ಜನ ನೋಡಿದರು.

ಇಲ್ಲೇ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಿ. ಸಾಮಾನ್ಯವಾಗಿ ಸುಳ್ಳು ಸುದ್ದಿ ನಾಲ್ಕು ದಿನದಲ್ಲಿ ಸುಳ್ಳೆಂದು ಬಯಲಾಗುತ್ತದೆ. ಸಾಮಾನು ಸಿಗುವುದಿಲ್ಲ ಎಂಬ ಸುದ್ದಿ ಹಾಗಲ್ಲ. ಬೆಳಗ್ಗೆ ಸುಳ್ಳಾಗಿದ್ದದ್ದು ಜನ ನಂಬಿದ್ದರಿಂದಲೇ ಸಾಯಂಕಾಲಕ್ಕೆ ನಿಜವಾಗುತ್ತದೆ. ಆಮೇಲೆ ಆ ಸುದ್ದಿ ಕೊಟ್ಟವನು ಎದೆಯುಬ್ಬಿಸಿ, "ನಾವು ಮೊದಲೇ ಹೇಳಿರಲಿಲ್ಲವೇ?" ಎನ್ನುತ್ತಾನೆ. ಮನೆಗೆ ಬೆಂಕಿ ಇಟ್ಟು, ಹೊಗೆ ಬರುತ್ತಿದೆ ಎಂದು ಮೊದಲು ಕೂಗಿದವನು ನಾನೇ ಎನ್ನುವ ಹಾಗೆ.

ಖಾಲಿ ಕಪಾಟಿನ ಚಿತ್ರ ತೆಗೆಯುವವರು ತುಂಬಿದ ಗೋದಾಮಿನ ಚಿತ್ರ ತೆಗೆಯುವುದಿಲ್ಲ. 2020ರ ಏಪ್ರಿಲ್ ಹೊತ್ತಿಗೆ ದೇಶದ ಸರ್ಕಾರಿ ದಾಸ್ತಾನಿನಲ್ಲಿ ಅಕ್ಕಿ ಗೋಧಿ ಸೇರಿ ಐದು ಕೋಟಿ ಟನ್ನಿಗೂ ಹೆಚ್ಚು ಇತ್ತು. ಆ ತಿಂಗಳಿಗೆ ಇರಲೇಬೇಕೆಂದು ನಿಯಮ ಹೇಳುವುದು ಸುಮಾರು 2 ಕೋಟಿ 10 ಲಕ್ಷ ಟನ್. ಅಂದರೆ ಇರಬೇಕಾದ್ದರ ಎರಡು ಪಟ್ಟಿಗೂ ಮೀರಿ ಇತ್ತು. ನಮ್ಮ ಗುಂಪಿಗೆ ಆ ತಿಂಗಳು ಬಂದ ನೂರಾರು ಸುದ್ದಿಗಳಲ್ಲಿ ಈ ಲೆಕ್ಕ ಒಂದು ಸಲವೂ ಬರಲಿಲ್ಲ. ಬಂದಿದ್ದರೂ ನಾವು ಓದುತ್ತಿದ್ದೆವೋ ಇಲ್ಲವೋ, ಆ ಮಾತು ಬೇರೆ. ಗೋದಾಮಿನ ಮೂಟೆ ಯಾರ ಎದೆಯನ್ನೂ ಧಸಕ್ಕೆನಿಸುವುದಿಲ್ಲ. ಅಂಗಡಿಯ ಕಪಾಟು ಲಾರಿ ಬರುವ ತನಕ ಮಾತ್ರ ಖಾಲಿ, ಮೊಬೈಲಿನಲ್ಲಿ ಅದು ಎಂದೆಂದಿಗೂ ಖಾಲಿ.

"ಹಾಗಾದರೆ ಮೊಬೈಲಿಲ್ಲದ ಕಾಲದಲ್ಲಿ ಗುಲ್ಲೇ ಏಳುತ್ತಿರಲಿಲ್ಲವೇ?" ಎಂದು ನೀವು ಕೇಳಬಹುದು. ಎಳೆಯ ತಲೆಮಾರಿನವರಿಗೆ ಗೊತ್ತಿರಲಾರದು. 1994ರ ಸೆಪ್ಟೆಂಬರಿನಲ್ಲಿ ಗುಜರಾತಿನ ಸೂರತ್ತಿನಲ್ಲಿ ಪ್ಲೇಗ್ ಎಂಬ ಸುದ್ದಿ ಹಬ್ಬಿತು. ಲಕ್ಷಗಟ್ಟಲೆ ಜನ ರೈಲು ಬಸ್ಸು ಹತ್ತಿ ಊರು ಬಿಟ್ಟರು. ಅಲ್ಲಷ್ಟೇ ಅಲ್ಲ, ದೂರದ ದೆಹಲಿಯ ಔಷಧಿ ಅಂಗಡಿಗಳಲ್ಲೂ ಟೆಟ್ರಾಸೈಕ್ಲಿನ್ ಖಾಲಿಯಾಯಿತು. ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನಮ್ಮ ಮಾವನವರು ರೇಡಿಯೋ ವಾರ್ತೆ ಕೇಳಿ, "ಯಾತಕ್ಕೂ ಇರಲಿ, ಒಂದು ಹತ್ತು ಮಾತ್ರೆ ತಂದಿಡು" ಎಂದು ಇವರನ್ನು ಅಟ್ಟಿದರು. ಅಂಗಡಿಯಾತ, "ಡಾಕ್ಟ್ರ ಚೀಟಿ ತನ್ನಿ ಸ್ವಾಮಿ, ಕೊಡ್ತೀನಿ" ಎಂದು ವಾಪಸು ಕಳಿಸಿದ. ಡಾಕ್ಟರ ಶಾಪು ಆ ಹೊತ್ತಿಗೆ ಮುಚ್ಚಿತ್ತು. ರಾತ್ರಿ ಕಳೆಯಿತು. ಬೆಳಗ್ಗೆ ಪೇಪರು ಬಂತು. ಅದರಲ್ಲಿ ನಮ್ಮ ಕಡೆ ಹೆದರುವಂಥದ್ದೇನೂ ಇರಲಿಲ್ಲ. ಮಾವನವರು ಕಾಫಿ ಕುಡಿದು ತೋಟಕ್ಕೆ ಹೋದರು. ಮಾತ್ರೆಯ ವಿಷಯ ಮತ್ತೆ ಎತ್ತಲಿಲ್ಲ.

ಆಗಲೂ ನಾವು ಹೆದರುಪುಕ್ಕಲರೇ ಆಗಿದ್ದೆವು. ಈಗಿಗಿಂತ ಜಾಣರೇನೂ ಆಗಿರಲಿಲ್ಲ. ಆದರೆ ಭಯಕ್ಕೂ ಅಂಗಡಿಗೂ ನಡುವೆ ಒಂದು ರಾತ್ರಿ ಇತ್ತು, ಒಬ್ಬ ಡಾಕ್ಟರ ಚೀಟಿ ಇತ್ತು. ಮಲಗಿ ಎದ್ದ ಭಯಕ್ಕೆ ಅರ್ಧ ಬಲವೂ ಇರುವುದಿಲ್ಲ ಎಂಬುದು ಮಕ್ಕಳನ್ನು ಸಾಕಿದ ಎಲ್ಲ ತಾಯಂದಿರಿಗೂ ಗೊತ್ತು. ಅಂತರ್ಜಾಲದ ಸುದ್ದಿ ಮೊದಲು ಕಸಿದುಕೊಂಡದ್ದು ಆ ಒಂದು ರಾತ್ರಿಯನ್ನು. ನಿಮಿಷ ನಿಮಿಷಕ್ಕೂ ಟಿಣ್ ಎಂದು ಸದ್ದು ಮಾಡಿ ಹೊಸ ಭಯ ತಂದು ಕೈಗಿಡುತ್ತದೆ. ಹಳೆಯದು ಆರಲು ಬಿಡುವುದಿಲ್ಲ.

ಅವರು ಹೀಗೆ ಮಾಡುವುದೇಕೆ? ಇದರಲ್ಲಿ ಗುಟ್ಟೇನೂ ಇಲ್ಲ. ಎಷ್ಟು ಜನ ಬೆರಳೊತ್ತಿ ನೋಡಿದರು ಎಂಬುದರ ಮೇಲೆ ಜಾಹೀರಾತಿನ ಹಣ ಬರುತ್ತದೆ. ದಾಸ್ತಾನು ಸಾಕಷ್ಟಿದೆ ಎಂಬ ಸುದ್ದಿಯನ್ನು ಯಾರು ಒತ್ತುತ್ತಾರೆ? ಆದ್ದರಿಂದ ಒಂದು ಹೊಸ ವ್ಯಾಕರಣವೇ ಹುಟ್ಟಿಕೊಂಡಿದೆ. "ಶಾಕಿಂಗ್", "ಬೆಚ್ಚಿಬೀಳಿಸುವ", "ಈ ಒಂದು ವಸ್ತು ಈಗಲೇ ತಂದಿಡಿ" ಎಂದೆಲ್ಲ ಬರೆಯುತ್ತಾರೆ. ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟರೆ ಸುಳ್ಳು ಹೇಳಿದ ಪಾಪ ತಟ್ಟುವುದಿಲ್ಲವೆಂದು ಇವರಿಗೆ ಯಾವ ಮೇಷ್ಟ್ರು ಕಲಿಸಿದರೋ ಕಾಣೆ. ಇನ್ನು ಕೆಲವರು ಒಳ್ಳೆಯತನದ ವೇಷದಲ್ಲೇ ಹೆದರಿಸುತ್ತಾರೆ. ಗಾಬರಿ ಬೇಡ ಎಂಬ ಅಧಿಕಾರಿಗಳ ಮಾತನ್ನು ಕೆಳಗೆ ಹಾಕಿ, ಅದರ ಮೇಲೆ ಅಂಗಡಿಯ ಮುಂದೆ ಮುಗಿಬಿದ್ದ ಜನರ ಚಿತ್ರ ಹಾಕುತ್ತಾರೆ. ಓದುವವಳ ಕಣ್ಣು ಹೋಗುವುದು ಚಿತ್ರಕ್ಕೆ, ಕಾಲು ಹೋಗುವುದು ಅಂಗಡಿಗೆ.

ನಾನು ಹೇಳುತ್ತಿರುವುದು ಬರೀ ಹಳ್ಳಿಗಾಡಿನ ಮೇಡಮ್ಮಿನ ಗೊಣಗಾಟವಲ್ಲ. 2020ರ ಫೆಬ್ರವರಿಯಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅವರು ಜರ್ಮನಿಯ ಮ್ಯೂನಿಕ್ಕಿನ ಸಭೆಯೊಂದರಲ್ಲಿ ಎಚ್ಚರಿಸಿದ್ದರು. ನಾವು ಹೋರಾಡುತ್ತಿರುವುದು ರೋಗದ ಪಿಡುಗಿನ ಜೊತೆ ಮಾತ್ರವಲ್ಲ, ಸುದ್ದಿಯ ಪಿಡುಗಿನ ಜೊತೆಯೂ ಎಂಬುದು ಅವರ ಮಾತಿನ ಸಾರ. ನಮ್ಮ ಊರಿಗೆ ಆ ಎರಡು ಪಿಡುಗುಗಳಲ್ಲಿ ಮೊದಲು ಬಂದದ್ದು ಎರಡನೆಯದು.

ಈಗ ನಾನು ತಲೆತಗ್ಗಿಸಿ ಹೇಳಬೇಕಾದ ಮಾತು.

ಆ ಮಾರ್ಚ್ 19ರಂದು ಅಮೆರಿಕದ ಆಗಿನ ಅಧ್ಯಕ್ಷ ಟ್ರಂಪ್ ಅವರು ಪತ್ರಕರ್ತರ ಮುಂದೆ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆಯನ್ನು ಹೊಗಳಿದರು. ಎರಡು ದಿನ ಬಿಟ್ಟು, ಅದು ವೈದ್ಯಕೀಯದ ಇತಿಹಾಸದಲ್ಲೇ ದೊಡ್ಡ ತಿರುವಾಗಬಹುದು ಎಂಬರ್ಥದಲ್ಲಿ ಟ್ವಿಟರಿನಲ್ಲೂ ಬರೆದರು. 23ರಂದು ನಮ್ಮ ಐಸಿಎಂಆರ್ ಒಂದು ಸಲಹೆ ಹೊರಡಿಸಿತು. ಕೊರೊನಾ ರೋಗಿಗಳ ಆರೈಕೆಯಲ್ಲಿರುವ ಆರೋಗ್ಯ ಸಿಬ್ಬಂದಿಯೂ, ರೋಗ ಖಚಿತವಾದವರ ಮನೆಯವರೂ ಮುನ್ನೆಚ್ಚರಿಕೆಯಾಗಿ ಈ ಮಾತ್ರೆ ತೆಗೆದುಕೊಳ್ಳಬಹುದು ಎಂಬುದು ಆ ಸಲಹೆ. ಇಷ್ಟೇ ಜನಕ್ಕೆ, ಅದೂ ವೈದ್ಯರ ಚೀಟಿಯ ಮೇಲೆ. ನನ್ನ ಮೊಬೈಲಿಗೆ ಬರುವ ಹೊತ್ತಿಗೆ ಆ ಸಲಹೆಯಲ್ಲಿ ಯಾರಿಗೆ ಎಂಬ ಭಾಗ ಉದುರಿಹೋಗಿತ್ತು. ಕೊರೊನಾಗೆ ಮದ್ದು ಸಿಕ್ಕಿತು, ಇದೇ ಆ ಮಾತ್ರೆ ಎಂದಷ್ಟೇ ಉಳಿದಿತ್ತು. ಕೆಳಗೆ ಮಾತ್ರೆಯ ದೊಡ್ಡ ಚಿತ್ರ.

ಸಾಯಂಕಾಲ ಆರು ಗಂಟೆಗೆ ಔಷಧಿ ಅಂಗಡಿಗೆ ಹೋದೆ. ಅಂಗಡಿಯಾತ ನಮ್ಮ ಹಳೆಯ ಪರಿಚಯದವರು, ಅವರ ಮಗಳು ನನ್ನ ವಿದ್ಯಾರ್ಥಿನಿ. 1994ರಲ್ಲಿ ಮಾವನವರಿಗೆ ಚೀಟಿ ಕೇಳಿದಂತೆ ನನ್ನನ್ನು ಯಾರೂ ಕೇಳಲಿಲ್ಲ. "ಎರಡೇ ಶೀಟು ಉಳಿದಿದೆ ಮೇಡಂ, ನಿಮಗೆ ಅಂತ ಕೊಡ್ತೀನಿ" ಎಂದರು. ನಿಮಗೆ ಅಂತ! ಆ ಮಾತು ಕೇಳಿ ನನಗೆ ಹೆಮ್ಮೆಯೇ ಆಯಿತು. ಎರಡು ಶೀಟನ್ನೂ ಬ್ಯಾಗಿಗೆ ಹಾಕಿಕೊಂಡು ಬಂದು ಬೀರುವಿನಲ್ಲಿ, ಒಡವೆ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟೆ. ನಮ್ಮವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಆ ಮಾತ್ರೆ ನುಂಗಿದರೆ ಎದೆಬಡಿತವೇ ಏರುಪೇರಾಗಬಹುದೆಂದು ನನಗೆ ಆಮೇಲೆ ಗೊತ್ತಾಯಿತು. ಯಾರನ್ನು ಕಾಪಾಡಲೆಂದು ತಂದೆನೋ ಅವರಿಗೇ ಅಪಾಯ ತಂದಿಟ್ಟಿದ್ದೆ.

26ರಂದು ಕೇಂದ್ರ ಸರ್ಕಾರ ಆ ಮಾತ್ರೆಯ ಮಾರಾಟವನ್ನು ಬಿಗಿಮಾಡಿತು. ಚೀಟಿಯಿಲ್ಲದೆ ಕೊಡಕೂಡದು, ಕೊಟ್ಟದ್ದನ್ನು ದಾಖಲೆ ಇಡಬೇಕು ಎಂದಾಯಿತು. ಒಳ್ಳೆಯದೇ. ಆದರೆ ಅಷ್ಟರಲ್ಲಿ ಅದು ನನ್ನಂಥ ಎಷ್ಟೋ ಜನರ ಬೀರು ಸೇರಿಯಾಗಿತ್ತು.

ನಮ್ಮ ಶಾಲೆಯ ಬಿಸಿಯೂಟದ ಅಡುಗೆ ಅಕ್ಕನ ಮಗಳಿಗೆ ಇಪ್ಪತ್ತೆರಡು ವರ್ಷ. ಕೀಲುವಾತ. ಬೆಳಗ್ಗೆ ಎದ್ದರೆ ಕೈಬೆರಳು ಮಡಚಲು ಬಾರದ ಕಾಯಿಲೆ. ಅವಳು ವರ್ಷಗಳಿಂದ ದಿನಾ ನುಂಗುತ್ತಿದ್ದ ಮಾತ್ರೆ ಇದೇ ಹೈಡ್ರಾಕ್ಸಿಕ್ಲೋರೋಕ್ವಿನ್. ಕೊರೊನಾ ಹೆಸರು ಹುಟ್ಟುವ ಮೊದಲಿನಿಂದಲೂ ಈ ಮಾತ್ರೆ ಇದ್ದದ್ದು ಮಲೇರಿಯಾದವರಿಗೆ, ಕೀಲುವಾತದವರಿಗೆ, ಲೂಪಸ್ ಎಂಬ ಕಾಯಿಲೆಯವರಿಗೆ. ಅವರಿಗೆ ಅದು ಸುದ್ದಿಯಲ್ಲ, ಅನ್ನದ ಹಾಗೆ. ಏಪ್ರಿಲ್ ಮಧ್ಯದಲ್ಲಿ ಅಕ್ಕ ನನಗೆ ಫೋನು ಮಾಡಿದಳು. "ಮೇಡಮ್ಮೋರೆ, ಮಗೀಗೆ ಮಾತ್ರೆ ಎಲ್ಲೂ ಸಿಗ್ತಿಲ್ಲ ಕಣ್ರೀ. ಮೂರು ವಾರ ಆಯ್ತು. ಬೆರಳೆಲ್ಲ ಊದ್ಕೊಂಡಿದೆ, ತಲೆ ಬಾಚ್ಕೊಳಕ್ಕೂ ಆಯ್ತಿಲ್ಲ. ನಿಮಗೆ ಗುರುತಿರೋ ಅಂಗಡೀಲಿ ಒಂದ್ ಮಾತು ಕೇಳ್ತೀರಾ?"

ನಾನು ಏನು ಹೇಳಿದೆ ಗೊತ್ತೇ? "ಕೇಳಿ ನೋಡ್ತೀನಿ ಕಣಕ್ಕ" ಎಂದೆ. ಕೇಳುವುದೇನು, ಮಾತ್ರೆ ಹತ್ತು ಹೆಜ್ಜೆ ದೂರದಲ್ಲಿ ಬೀರುವಿನಲ್ಲಿತ್ತು. ಒಂದು ದಿನ ಸುಮ್ಮನಿದ್ದೆ. ಎರಡು ದಿನ ಸುಮ್ಮನಿದ್ದೆ. ಒಂದು ವೇಳೆ ನಮ್ಮವರಿಗೇ ಬಂದುಬಿಟ್ಟರೆ ಎಂದು ಒಂದು ಮನಸ್ಸು, ಛೆ, ಆ ಹುಡುಗಿ ನರಳುತ್ತಿದ್ದಾಳೆ ಎಂದು ಇನ್ನೊಂದು ಮನಸ್ಸು. ಅಷ್ಟರಲ್ಲಿ ಮೊಬೈಲು ದಿನಕ್ಕೆ ನಾಲ್ಕು ಸಲ ಆ ಮಾತ್ರೆಯ ಮಹಿಮೆ ಹೇಳುತ್ತಲೇ ಇತ್ತು. ಐದನೆಯ ದಿನ ಬೆಳಗ್ಗೆ ಹಾಲು ತರುವ ಹೊತ್ತಿನಲ್ಲಿ, ಮುಖಕ್ಕೆ ಸೆರಗು ಬಿಗಿದುಕೊಂಡು ಅವಳ ಮನೆಗೆ ಹೋಗಿ ಎರಡು ಶೀಟನ್ನೂ ಕೊಟ್ಟೆ.

ಅಕ್ಕ ಮಾತ್ರೆಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಅದರ ಹಿಂದುಮುಂದು ತಿರುಗಿಸಿ ನೋಡಿ, ನಮ್ಮೂರ ಅಂಗಡಿಯ ಹಸಿರು ಕವರು ಗುರುತು ಹಿಡಿದು, "ನಿಮ್ಮ ಹತ್ರಾನೇ ಇತ್ತಾ ಮೇಡಂ?" ಎಂದಳು. ಅಷ್ಟೇ. ಸಿಟ್ಟಿರಲಿಲ್ಲ, ವ್ಯಂಗ್ಯವಿರಲಿಲ್ಲ. ಒಳಗೆ ಆ ಹುಡುಗಿ ಗೋಡೆಗೊರಗಿ ಕೂತಿದ್ದಳು. ನನ್ನನ್ನು ನೋಡಿ ಏಳಲು ಹೋದಳು, ಏಳಲಾಗಲಿಲ್ಲ. "ಕೂತ್ಕೋ ಮಗಾ" ಎಂದು ಹೇಳಿ ಓಡಿಬಂದೆ.

ಇನ್ನೂ ಕೇಳಿ. ಆ ಜೂನ್ 5ರಂದು ಇಂಗ್ಲೆಂಡಿನಿಂದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಬಂತು. ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಿಗೆ ಈ ಮಾತ್ರೆಯಿಂದ ಪ್ರಯೋಜನವಿಲ್ಲ ಎಂಬುದು ಆ ಫಲಿತಾಂಶ. ಅದೇ ತಿಂಗಳು 15ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತಾನು ಕೊಟ್ಟಿದ್ದ ತುರ್ತು ಅನುಮತಿಯನ್ನು ವಾಪಸು ಪಡೆಯಿತು. ಮಾತ್ರೆಯನ್ನು ಹೊಗಳಿದ ಸುದ್ದಿ ನನಗೆ ಇಪ್ಪತ್ತು ಸಲ ಬಂದಿತ್ತು. ಈ ಸುದ್ದಿ ಒಂದೇ ಒಂದು ಸಲವೂ ಬರಲಿಲ್ಲ, ನಾನೇ ಹುಡುಕಿ ಓದಬೇಕಾಯಿತು. ಒಬ್ಬ ಹುಡುಗಿಯ ಬೆರಳು ಊದಿಸಿ ನಾನು ಒಡವೆಯ ಪಕ್ಕ ಇಟ್ಟುಕೊಂಡದ್ದು ಯಾತಕ್ಕೂ ಬಾರದ ಭರವಸೆಯನ್ನು.

ಎಲ್ಲವನ್ನೂ ಸುದ್ದಿಯವರ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳುತ್ತಿಲ್ಲ. ಸರ್ಕಾರದವರಿಗೂ ಒಂದು ಮಾತು ಹೇಳಬೇಕು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಟೀವಿಯಲ್ಲಿ ಬಂದು, ಅಂದೇ ನಡುರಾತ್ರಿಯಿಂದ 21 ದಿನ ಯಾರೂ ಮನೆಯಿಂದ ಹೊರಬರಬೇಡಿ ಎಂದರು. ನಾಲ್ಕು ಗಂಟೆಯ ವ್ಯವಧಾನ. ಹಾಲು, ತರಕಾರಿ, ಔಷಧಿಗೆ ಏನು ವ್ಯವಸ್ಥೆ ಎಂಬುದು ಆ ಮಾತಿನಲ್ಲಿ ಎದ್ದು ಕಾಣಲಿಲ್ಲ. ಜನ ಬೀದಿಗೆ ಓಡಿದ ಮೇಲೆ, ಗಾಬರಿ ಬೇಡ, ಅಗತ್ಯ ವಸ್ತುಗಳು ಸಿಗುತ್ತವೆ ಎಂದು ಟ್ವಿಟರಿನಲ್ಲಿ ಬರೆದರು. ಅಂದು ರಾತ್ರಿ ಎಂಟೂವರೆಗೆ ಅಂಗಡಿಗೆ ಓಡಿದ ಹೆಂಗಸನ್ನು ನಾನು ಗಾಬರಿಗೆಟ್ಟವಳು ಎನ್ನುವುದಿಲ್ಲ. ಅವಳು ಲೆಕ್ಕ ಗೊತ್ತಿದ್ದವಳು. ಮೊದಲು ಅಂಗಡಿ ತೆರೆದಿರುತ್ತದೆ ಎಂದು ಹೇಳಿ, ಆಮೇಲೆ ಬಾಗಿಲು ಹಾಕಿಕೊಳ್ಳಿ ಎಂದಿದ್ದರೆ ಅರ್ಧ ನೂಕುನುಗ್ಗಲು ತಪ್ಪುತ್ತಿತ್ತು.

ಮಾಸ್ಕಿನ ಕಥೆಯೂ ಹಾಗೆಯೇ. ಮಾರ್ಚ್ 13ಕ್ಕೆ ಅದನ್ನು ಅಗತ್ಯ ವಸ್ತುವೆಂದರು. 21ಕ್ಕೆ ಎರಡು ಪದರದ ಮಾಸ್ಕಿಗೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ, 200 ಎಂ.ಎಲ್. ಸ್ಯಾನಿಟೈಸರಿಗೆ 100 ರೂಪಾಯಿಗಿಂತ ಹೆಚ್ಚು ಕೇಳಬಾರದು ಎಂದರು. ಅದಕ್ಕೆ ಮೊದಲೇ ನಾನು ಒಂದು ಮಾಸ್ಕಿಗೆ 40 ರೂಪಾಯಿ ತೆತ್ತಿದ್ದೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಒಂದು ಸಲ ಆದ ತಪ್ಪಿನಿಂದ ನಾವು ಕಲಿತೆವೇ? ಮರುವರ್ಷ, 2021ರ ಏಪ್ರಿಲ್‌ನಲ್ಲಿ ರೆಮ್ಡೆಸಿವಿರ್ ಎಂಬ ಇಂಜೆಕ್ಷನ್ನಿಗೆ ಜನ ಒಡವೆ ಅಡವಿಟ್ಟು ಸಾಲು ನಿಂತರು. ಅದನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲೇ ಸಲಹೆ ಕೊಟ್ಟಿತ್ತು. ಆಗ ಅದರ ಬಳಿಯಿದ್ದ ಪುರಾವೆಯಂತೆ ಅದು ಪ್ರಾಣ ಉಳಿಸುತ್ತದೆಂದು ಹೇಳುವಂತಿರಲಿಲ್ಲ. ಆದರೆ ಮೊಬೈಲಿನಲ್ಲಿ ಅದು ಸಂಜೀವಿನಿಯಾಗಿತ್ತು. ಕಾಳಸಂತೆಯವರು, ನಕಲಿ ಮಾಲಿನವರು ದುಡ್ಡು ಬಾಚಿದರು. ಕೇಂದ್ರ ಸರ್ಕಾರ ಅದರ ರಫ್ತನ್ನೇ ನಿಲ್ಲಿಸಬೇಕಾಯಿತು. ಅಂದು ತಾಳಿ ಅಡವಿಟ್ಟವರನ್ನು ದಡ್ಡರೆನ್ನಲು ನನಗೆ ಬಾಯಿ ಬರುವುದಿಲ್ಲ. ಗಂಡ ಉಸಿರಿಗೆ ಒದ್ದಾಡುತ್ತಿರುವಾಗ ಯಾವ ಹೆಂಗಸು ಪುರಾವೆ ಕೇಳುತ್ತಾಳೆ? ಪುರಾವೆ ಕೇಳಬೇಕಾದವರು, ಆ ಹೆಸರನ್ನು ದಿನಕ್ಕೆ ನೂರು ಸಲ ಅಚ್ಚುಹಾಕಿದವರು.

ಹಾಗಾದರೆ ಏನು ಮಾಡಬೇಕು? ಬರೀ ಬೈದು ಕೂತರೆ ಮೇಷ್ಟ್ರ ಕೆಲಸ ಮುಗಿಯುವುದಿಲ್ಲ.

ಸುದ್ದಿಯವರು ಕೊರತೆಯ ಸುದ್ದಿ ಬರೆಯಬೇಡಿ ಎಂದು ನಾನು ಹೇಳುವುದಿಲ್ಲ. ನಿಜವಾದ ಕೊರತೆ ಇದ್ದರೆ ಬರೆಯಲೇಬೇಕು. ಆದರೆ ಖಾಲಿ ಕಪಾಟಿನ ಚಿತ್ರ ಹಾಕಿದರೆ ಅದು ಯಾವ ಊರಿನದು, ಯಾವ ದಿನದ್ದು ಎಂದು ಚಿತ್ರದ ಮೇಲೆಯೇ ಬರೆಯಲಿ. ಮುಂದಿನ ಲಾರಿ ಎಂದು ಬರುತ್ತದೆ ಎಂದು ಅಂಗಡಿಯವನನ್ನು ಒಂದು ಮಾತು ಕೇಳಿ ಅದನ್ನೂ ಬರೆಯಲಿ. ಔಷಧಿಯ ಹೆಸರು ತಲೆಬರಹಕ್ಕೆ ಬಂದರೆ, ಅದು ಯಾರಿಗೆ, ಯಾರಿಗಲ್ಲ, ಈಗಾಗಲೇ ಯಾರು ಅದನ್ನು ನಂಬಿ ಬದುಕುತ್ತಿದ್ದಾರೆ ಎಂಬುದು ಮೊದಲ ಸಾಲಿನಲ್ಲೇ ಬರಲಿ. ನನಗೆ ಆ ಒಂದು ಸಾಲು ಸಿಕ್ಕಿದ್ದರೆ ಅಡುಗೆ ಅಕ್ಕನ ಮಗಳ ನೆನಪು ಅಂಗಡಿಯ ಮೆಟ್ಟಿಲಲ್ಲೇ ಆಗುತ್ತಿತ್ತೋ ಏನೋ.

ಅಂಗಡಿಯವರು ಮೊದಲ ದಿನದಿಂದಲೇ ಒಬ್ಬರಿಗೆ ಇಷ್ಟೇ ಎಂದು ಬೋರ್ಡು ಹಾಕಲಿ. ಪರಿಚಯದವರೆಂದು ನನ್ನಂಥವಳಿಗೆ ಬಾಗಿಲ ಹಿಂದಿನಿಂದ ಕೊಡದಿರಲಿ. ಈ ಮಿತಿಯಿಂದ ನಮಗೆ ಸಿಟ್ಟು ಬರುತ್ತದೆ ನಿಜ, ಆದರೆ ನಾಳೆಯೂ ಸಿಗುತ್ತದೆಂಬ ಧೈರ್ಯ ಬರುವುದೂ ಅದರಿಂದಲೇ. ದಿನದ ಕೂಲಿಯಲ್ಲಿ ದಿನದ ಅಕ್ಕಿ ಕೊಳ್ಳುವವರಿಗೆ ಉಳಿಯುವುದೂ ಅದರಿಂದಲೇ. ಗಾಬರಿಯ ಖರೀದಿಗೂ ದುಡ್ಡು ಬೇಕಲ್ಲವೇ? ಕೈಯಲ್ಲಿ ದುಡ್ಡಿರುವವರ ಭಯ ಮೊದಲು ಅಂಗಡಿ ತಲುಪುತ್ತದೆ. ದುಡ್ಡಿಲ್ಲದವರ ಹಸಿವು ಆಮೇಲೆ ತಲುಪುತ್ತದೆ. ಹೆಂಗಸರು ಅಂಗಡಿ ಖಾಲಿ ಮಾಡಿದರು ಎನ್ನುವವರು ಯಾವ ಹೆಂಗಸರು ಎಂದು ಒಮ್ಮೆ ಕೇಳಿಕೊಳ್ಳಲಿ. ನಮ್ಮ ಅಡುಗೆ ಅಕ್ಕ ಯಾವ ಅಂಗಡಿಯನ್ನೂ ಖಾಲಿ ಮಾಡಲಿಲ್ಲ.

ನಾವು, ಅಂದರೆ ನೀವು ಮತ್ತು ನಾನು, ಎರಡು ಕೆಲಸ ಮಾಡಬಹುದು. ಭಯದ ಸುದ್ದಿ ಬಂದಾಗ ಒಂದು ರಾತ್ರಿ ಮಲಗಿ ಎದ್ದು ಆಮೇಲೆ ಅಂಗಡಿಗೆ ಹೋಗೋಣ. ಮಾವನವರಿಗೆ ಸಿಕ್ಕಿದ್ದ ಆ ರಾತ್ರಿಯನ್ನು ನಮಗೆ ನಾವೇ ಕೊಟ್ಟುಕೊಳ್ಳೋಣ. ಇನ್ನೊಂದು, ಕೈ ಚಾಚುವ ಮೊದಲು, ಇದು ಇವತ್ತೇ ಬೇಕಾದವರು ನನಗೆ ಗೊತ್ತಿರುವವರಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಳ್ಳೋಣ. ತಿಂಗಳ ಸಾಮಾನು ತಿಂಗಳಿಗೆ ತರುವುದು ಸಂಸಾರ. ಇನ್ನೊಬ್ಬರ ತಿಂಗಳನ್ನೂ ಸೇರಿಸಿ ತರುವುದು ಕಸಿಯುವುದೇ, ಕಾಸು ಕೊಟ್ಟೇ ತಂದರೂ.

ಶಾಲೆ ಮತ್ತೆ ತೆರೆದ ಮೇಲೆ ನಾನು ಒಂಬತ್ತನೇ ತರಗತಿಯಲ್ಲಿ ಒಂದು ಪಾಠ ಶುರುಮಾಡಿದ್ದೇನೆ, ಪಠ್ಯದಲ್ಲಿಲ್ಲದ್ದು. ಮನೆಯ ಮೊಬೈಲಿಗೆ ಬಂದ ಒಂದು ಸುದ್ದಿಯನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದು ತರಬೇಕು. ಹೇಳಿದವರು ಯಾರು, ಯಾವ ದಿನ, ಯಾವ ಊರು, ನಾವು ಇದನ್ನು ನಂಬಿದರೆ ಲಾಭ ಯಾರಿಗೆ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಹುಡುಕಬೇಕು. ಮೊದಲ ದಿನ ಖಾಲಿ ಕಪಾಟಿನ ಆ ಚಿತ್ರವನ್ನೇ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅರ್ಧ ನಿಮಿಷದಲ್ಲಿ, "ಮಿಸ್, ರೇಟು ಡಾಲರಲ್ಲಿದೆ!" ಎಂದು ಕೂಗಿದಳು. ನನಗೆ ಅದು ಕಾಣಲು ಒಂದು ವಾರ ಬೇಕಾಗಿತ್ತು.

ಅಡುಗೆ ಅಕ್ಕ ಈಗಲೂ ನಮ್ಮ ಶಾಲೆಯಲ್ಲೇ ಇದ್ದಾಳೆ. ಸಾರಿನ ರುಚಿ ನೋಡಿ ಹೇಳಿ ಎಂದು ಮೊದಲಿನಂತೆಯೇ ನನ್ನನ್ನು ಕರೆಯುತ್ತಾಳೆ. ಮಾತ್ರೆಯ ವಿಷಯ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಗಣಿತದ ಮೇಷ್ಟ್ರಿಗೂ ಹೇಳಿಲ್ಲ. ಈ ಪುಸ್ತಕ ಅಚ್ಚಾದ ಮೇಲೆ ಅವರಿಗೊಂದು ಪ್ರತಿ ಕೊಡಬೇಕೆಂದಿದ್ದೇನೆ. ಅಕ್ಕನಿಗೆ ಓದಲು ಬಾರದು. ಅವಳಿಗೆ ನಾನೇ ಓದಿ ಹೇಳಬೇಕು.